ಊಟದ ಮೇಜಿನ ಮೇಲಿನ ಬಾಳೆಕಂದು

ಗಡ್ಡೆ ಕೊಳೆಯಬಹುದಿತ್ತು. ಹುಳ ಕೊರೆಯಬಹುದಿತ್ತು. ಹೆಗ್ಗಣ ತಿನ್ನಬಹುದಿತ್ತು. ಗಜನಿಯ ಒಡ್ಡು ಇನ್ನೊಮ್ಮೆ ಒಡೆದು ಉಪ್ಪುನೀರು ಅಡುಗೆಮನೆಗೇ ಬರಬಹುದಿತ್ತು. ಮೇಜಿನ ಕಾಲು ಮುರಿದು ಬಕೆಟ್ಟು ಹೆಂಡತಿಯ ಪಾದದ ಮೇಲೆ ಬೀಳಬಹುದಿತ್ತು. ಹಾಗಾಗಿದ್ದರೆ ಬಾಳೆಕಂದಿನ ಜೊತೆ ನನ್ನನ್ನೂ ಅಂಗಳಕ್ಕೆ ಹಾಕುತ್ತಿದ್ದಳು. ಆ ಮಳೆಗಾಲದಲ್ಲಿ ನಾನು ಮನಸ್ಸಿನಲ್ಲೇ ಮಾಡಿಕೊಂಡ ಪಟ್ಟಿ ಇನ್ನೂ ಉದ್ದವಿತ್ತು.

ಭಾವಿಕೇರಿಯ ನಮ್ಮ ಹಿತ್ತಲು ಗಜನಿ ಗದ್ದೆಗೆ ತಾಗಿಕೊಂಡಿದೆ. ಹಿನ್ನೀರಿನ ಉಪ್ಪು ಒಳಗೆ ಬಾರದ ಹಾಗೆ ಅಲ್ಲಿ ಮಣ್ಣಿನ ಒಡ್ಡು ಹಾಕಿರುತ್ತಾರೆ. ಸಮುದ್ರ ಉಕ್ಕಿದ ಒಂದು ದೊಡ್ಡ ಭರತಿಗೆ ಅದು ಒಡೆಯಿತು. ಬೆಳಿಗ್ಗೆ ನೋಡಿದರೆ ಬಾಳೆಯ ಬುಡದಲ್ಲಿ ಏಡಿಗಳು ಓಡಾಡುತ್ತಿದ್ದವು.

ಉಳಿದ ಗಿಡ ಹೋದರೆ ಹೋಗಲಿ. ಆ ಬಾಳೆ ನನ್ನ ಅಮ್ಮ, ಆಯಿಯ ತವರಿನದು. ತವರಿನವರು ಮನೆ ಖಾಲಿ ಮಾಡಿದ ದಿನ ಒಂದೇ ಒಂದು ಕಂದನ್ನು ಗೋಣಿಯಲ್ಲಿ ಸುತ್ತಿ ತಂದಿದ್ದಳು. ಆ ಹಿತ್ತಲು ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಇದು ಸತ್ತರೆ ಇನ್ನೊಂದು ಕೇಳಿ ತರೋಣ ಅನ್ನಲು ಕೇಳುವ ಮನೆಯೇ ಇಲ್ಲ.

ಮೊಣಕಾಲು ನೀರಿನಲ್ಲಿ ನಿಂತು ಹಾರೆ ಹಾಕಿದೆ. ಆಯಿ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದಳು.

"ಸಾವಕಾಶ ಮಾಡೋ. ತಾಯಿಗೂ ಮರಿಗೂ ಮಧ್ಯ ಹಾಕು."

"ಗೊತ್ತುಂಟು ಆಯಿ."

"ಗೊತ್ತಿದ್ದವ ಹಿಂಗೆ ನಡುಗ್ತಾನಾ?"

ಇದ್ದದ್ದು ಮೂರು ಕಂದು. ಮೊದಲನೆಯದರ ಗಡ್ಡೆಯನ್ನು ನಾನೇ ಎರಡು ಹೋಳು ಮಾಡಿದೆ. ಎರಡನೆಯದು ಒಳಗೆ ಕಪ್ಪಾಗಿತ್ತು. ಮೂರನೆಯದು ಬೇರು ಸಮೇತ ಬಂತು. ಆಯಿ ಕೊಡೆ ಮಡಚಿ ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಬಾವಿಯ ನೀರಿನಲ್ಲಿ ಉಪ್ಪು ತೊಳೆದು, ಎಲೆ ಕತ್ತರಿಸಿ, ಗಡ್ಡೆಗೆ ಬೂದಿ ಬಳಿದು ಪೇಂಟಿನ ಬಕೆಟ್ಟಿನಲ್ಲಿ ನೆಟ್ಟೆ. ನೆಲದ ಮೇಲೆ ಇಡಲು ಧೈರ್ಯವಾಗದೆ ನಡುಮನೆಯ ಊಟದ ಮೇಜಿನ ಮೇಲೆ ಇಟ್ಟೆ. ಹಿಮ ಬೀಳುವ ದೇಶಗಳಲ್ಲಿ ಜನ ಬಾಳೆಗೆ ಕಂಬಳಿ ಸುತ್ತಿ ಚಳಿಗಾಲ ದಾಟಿಸುತ್ತಾರೆ ಎಂದು ಫೋನಿನಲ್ಲಿ ಓದಿ, ನನ್ನ ಹಳೇ ಮಫ್ಲರನ್ನೂ ಸುತ್ತಿದೆ.

"ಜ್ವರ ಬಂತಾ ಅದಕ್ಕೆ?" ಅಂದಳು ಹೆಂಡತಿ. "ಗಂಜಿ ಮಾಡ್ಲಾ?"

ಎರಡು ವಾರ ಕಳೆದರೂ ಸುಳಿ ಅಲ್ಲಾಡಲಿಲ್ಲ. ದಿನಾ ಮೂಸಿ ನೋಡುತ್ತಿದ್ದೆ, ಕೊಳೆತ ವಾಸನೆ ಬಂತೇ ಎಂದು. ಮಧ್ಯಾಹ್ನ ಕಾರವಾರದ ಆಫೀಸಿನಿಂದ ಫೋನು ಮಾಡಿ "ಬಂತಾ?" ಅಂದರೆ ಹೆಂಡತಿ "ಯಾರು, ನೆಂಟರಾ?" ಅನ್ನುತ್ತಿದ್ದಳು. ಆಯಿ ಮಾತ್ರ ಮೇಜಿನ ಹತ್ತಿರ ಬರುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಇದು ಸತ್ತಿತು ಎಂದು ಅವಳಿಗೆ ಹೇಗೆ ಹೇಳುವುದು? ಅಂಕೋಲೆಯ ಬಸ್ಸಿನಲ್ಲಿ ಕೂತು ಮಾತು ಜೋಡಿಸುತ್ತಿದ್ದೆ. ಊರು ಬರುತ್ತಿತ್ತು, ಮಾತು ಕೂಡುತ್ತಿರಲಿಲ್ಲ.

ಆಮೇಲೆ ದೊಡ್ಡ ಗಾಳಿ ಬಂತು. ಕಂಬ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಹೊರಗೆ ಇದ್ದಬದ್ದ ಬಾಳೆಗಳೆಲ್ಲ ಮಲಗಿದವು. ಒಳಗೆ, ಮಫ್ಲರಿನ ನಡುವಿನಿಂದ, ಬಿಗಿಯಾಗಿ ಸುತ್ತಿಕೊಂಡ ಹೊಸ ಎಲೆ ನೆಟ್ಟಗೆ ಮೇಲೆದ್ದಿತು. ದಿನಕ್ಕೆ ಗೇಣು ಗೇಣು ಏರಿತು. ನಾಲ್ಕನೇ ದಿನ ಆಯಿ ತಾನಾಗಿಯೇ ತಟ್ಟೆ ಹಿಡಿದು ಬಂದು ಮೇಜಿಗೆ ಕೂತಳು. ಒಣಮೀನು ಖಾರ ಎಂದು ನೆಪ ಹೇಳಿ, ಮುಖ ತಿರುಗಿಸಿ ನೀರು ಕುಡಿದೆ.

ಆಗಲೇ ಹೊರಗಿನಿಂದ ಪಕ್ಕದ ಮನೆಯವರ ಕೂಗು: "ಕರೆಂಟ್ ಬಂತೋ!"

ನಮ್ಮದು ಹಂಚಿನ ಮನೆ, ಫ್ಯಾನು ಮೇಜಿನ ನೇರಕ್ಕೇ ತಗ್ಗಿನಲ್ಲಿ ತೂಗುತ್ತದೆ. ಗರ್ರ್ ಅಂತ ತಿರುಗಿತು. ಹೊಸ ಎಲೆಯ ಹಸಿರು ಚೂರುಗಳು ಅನ್ನದ ಮೇಲೆ, ಸಾರಿನ ಮೇಲೆ, ನನ್ನ ತಲೆಯ ಮೇಲೆ ಬಿದ್ದವು.

ಆಯಿ ಸಾರಿನಿಂದ ಒಂದು ಚೂರು ಎತ್ತಿ ಬದಿಗಿಟ್ಟಳು. ಕೈ ಚಾಚಿ ದಿಂಡನ್ನು ಹಿಚುಕಿ ನೋಡಿದಳು.

"ಸುಳಿ ಗಟ್ಟಿ ಉಂಟು. ಉಣ್ಣು."

ಅಷ್ಟೆಲ್ಲ ಪಟ್ಟಿ ಮಾಡಿದ ನಾನು ಫ್ಯಾನಿನ ಸ್ವಿಚ್ಚು ಆರಿಸಿರಲಿಲ್ಲ.