‘ಬೈ’ ಎಂದಿದ್ದರೆ ಸಾಕಿತ್ತು

ಬಂಧುಗಳೇ, ಮೊಮ್ಮಗಳ ಜರ್ಮನಿ ಕೆಲಸಕ್ಕೆ ಇವತ್ತು ನಾನೇ ಅಡ್ಡಗಾಲು ಹಾಕಿದೆ. ಕಾವ್ಯ ಮೆಕ್ಯಾನಿಕಲ್ ಎಂಜಿನಿಯರ್. ಮೈಸೂರಿನ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದವಳು, ಇವತ್ತು ಬಿಳಿಕೆರೆಯ ನಮ್ಮ ಮನೆಯಲ್ಲಿ ಕೂತು ವಿಡಿಯೋ ಸಂದರ್ಶನ ಕೊಡುತ್ತಿದ್ದಳು. ಅಷ್ಟೊಂದು ಅರ್ಜಿ ಹಾಕಿದ ಮೇಲೆ ಕರೆದವರು ಈ ಜರ್ಮನ್ ಕಂಪನಿಯವರೊಬ್ಬರೇ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಎಲ್ಲ ಚೆನ್ನಾಗಿಯೇ ಮುಗಿಯಿತು. ಕೊನೆಗೆ ಅವಳು ಬರೀ “ಬೈ” ಎಂದಳು. ನನಗೆ ತಡೆಯಲಾಗಲಿಲ್ಲ.

“ಅಂಗನ್ಬಾರ್ದು ಕಣವ್ವ, ಓಗ್‌ಬತ್ತೀನಿ ಅನ್ನು!”

ಗಾಬರಿಯಲ್ಲಿ ಅವಳು ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ಅರ್ಧ ಗಂಟೆಗೆಲ್ಲ ಆ ಕಂಪನಿಯ ಮೇಲ್ ಬಂತು. “ಹೋಗಿ ಬರುತ್ತೇನೆ ಎಂದಿರಿ, ಹದಿನೈದು ನಿಮಿಷ ಕಾದೆವು. ಸೋಮವಾರವಾದರೂ ಬನ್ನಿ, ಎರಡನೇ ಸುತ್ತು ಇದೆ.”

ಕಾವ್ಯ ಕುಣಿದಳು. ಆಮೇಲೆ ನನ್ನತ್ತ ತಿರುಗಿ, “ತಾತ, ಸೋಮವಾರ ಬೆಳಿಗ್ಗೆನೇ ನೀನು ಬಸ್ ಹತ್ತಿ ಹುಣಸೂರಿಗೆ ಹೋಗು” ಎಂದಳು.

“ಆಯ್ತು ಕಣವ್ವ, ಓಗ್‌ಬತ್ತೀನಿ.”

“ಇಂಟರ್‌ವ್ಯೂ ಮುಗಿಯೋ ಗಂಟ ಬರೋದು ಬೇಡ. ಬರೀ ಹೋಗು!”

ಈ ವಯಸ್ಸಿನಲ್ಲಿ ಮೊದಲ ಸಲ ಮನೆಯಿಂದ ಬರೀ ಹೋಗುತ್ತಿದ್ದೇನೆ. ಹುಣಸೂರಿನ ಬಂಧುಗಳು ಸೋಮವಾರ ನನ್ನನ್ನು ಇಟ್ಟುಕೊಳ್ಳಿ.