ಹಳದಿ ದ್ರಾವಣ ಮುಗಿದ ದಿನ

ಇವತ್ತು ಬೆಳಿಗ್ಗೆ ದಾದರ್‌ನ ಹೂವಿನ ಮಾರ್ಕೆಟ್ಟಿನಲ್ಲಿ ಒದ್ದೆ ಚೆಂಡು ಹೂ ಆರಿಸುತ್ತಿದ್ದೆ. ಬೆರಳೆಲ್ಲ ಹಳದಿಯಾಯಿತು. ನಿಮಗಾದರೆ ಹಬ್ಬ ನೆನಪಾಗುತ್ತಿತ್ತು. ನನಗೆ ಯಮನಪ್ಪ ನೆನಪಾದ.

ಆಗ ನಾನೊಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನೀಷಿಯನ್. ರೋಗಿಗಳ ಮೈಯಿಂದ ತೆಗೆದ ಚೂರನ್ನು ಕೆಡದಂತೆ ದ್ರಾವಣದಲ್ಲಿಟ್ಟು, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸುವ ಕೆಲಸ. ಕನ್ನಡದವರು ಬಂದರೆ ಅರ್ಧ ಡಾಕ್ಟರನಾಗಿಬಿಡುವ ಚಟ ಬೇರೆ. ಯಮನಪ್ಪ ಬಾಗಲಕೋಟೆ ಕಡೆಯವನು. ದಹಿಸರಿನಲ್ಲಿದ್ದುಕೊಂಡು ಮನೆಗಳ ನೆಲಕ್ಕೆ ಲಾದಿ, ಅಂದರೆ ಟೈಲ್ಸ್, ಕೂರಿಸುತ್ತಿದ್ದ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಅವನ ವೀರ್ಯದಲ್ಲಿ ಒಂದೂ ವೀರ್ಯಾಣು ಕಂಡಿರಲಿಲ್ಲ. ತಯಾರಾಗುತ್ತಲೇ ಇಲ್ಲವೋ, ತಯಾರಾಗಿ ದಾರಿಯಲ್ಲಿ ಕಟ್ಟಿಕೊಂಡಿದೆಯೋ ತಿಳಿಯಲು ವೃಷಣದ ಚೂರು ತೆಗೆದು ನೋಡಬೇಕಿತ್ತು. ಕಟ್ಟಿಕೊಂಡಿದ್ದರೆ ಆಪರೇಷನ್ ಮಾಡಿಸುವ ಆಸೆಯಾದರೂ ಇತ್ತು.

ಅವನು ಹೆದರಿದ್ದ. ಧೈರ್ಯ ತುಂಬಲು ಬೇರೆ ಯಾರದೋ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ.

"ಈ ಉದ್ದನ್ನ ಕೋಶ ಅದಾವಲ್ಲ, ಖಾನಾವಳಿ ಅಕ್ಕ ಇದ್ದಂಗ. ಬೀಜದ ಕೋಶಗಳನ್ನ ಮಗ್ಗಲಾಗ ಇಟ್ಕೊಂಡು ಉಣಸ್ತಾವ, ಎಂಜಲಾ ಬಳೀತಾವ. ತಲಿಯಿಂದ ಹಾರ್ಮೋನ್ ಬಂದ್ರ ಕೆಲಸ ಹೆಚ್ಚು ಮಾಡ್ತಾವ. ಸಾಕಾದ್ರ ತಾವಽ ಮ್ಯಾಲ ಹೇಳಿ ಕಳಸ್ತಾವ. ರಕ್ತದಾಗಿನ ಕಾವಲುಗಾರರು ಬೀಜಾನ ಹೊರಗಿನವ್ರಂತ ತಿಳದು ಕೊಲ್ಲಬಾರದಂತ ಒತ್ತೊತ್ತಿ ನಿಲ್ತಾವ."

"ಲಾದಿ ಸಂದಿಗೆ ವೈಟ್ ಸಿಮೆಂಟ್ ತುಂಬಿದಂಗ ಅನ್ರಿ!" ಎಂದ ಯಮನಪ್ಪ. ಆಮೇಲೆ ಹೆಂಡತಿಯ ಮಾತೆತ್ತಿದ. "ಆ ಅಕ್ಕಗೋಳು ನನ್ನೊಳಗ ಕೆಲಸ ಮಾಡ್ತಾರೋ ಇಲ್ಲೋ ನೋಡ್ರಿ ಸರ. ಇಲ್ಲಂದ್ರ ಕಸ್ತೂರಿನ್ನ ತವರಿಗೆ ಕಳಸ್ತೀನಿ. ಬ್ಯಾರೆಯವನ ಕೂಡ ಉಡಿಕಿ ಮದುವಿ ಮಾಡ್ಕೊಳ್ಳಿ. ನನ್ನ ಸಲುವಾಗಿ ಆಕಿ ಯಾಕ ಬಂಜಿ ಅನಸ್ಕೋಬೇಕು?"

ವೃಷಣದ ಚೂರಿಗೆ ನಮ್ಮಲ್ಲಿ ಹಳದಿ ದ್ರಾವಣವನ್ನೇ ಬಳಸಬೇಕಿತ್ತು; ಕೈಗೆ ಹತ್ತಿದರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಯಮನಪ್ಪನ ಚೂರು ಬಂದ ದಿನ ಬಾಟಲಿ ಖಾಲಿ. ಹೊಸದು ಬೆರೆಸುತ್ತ ಕೂತರೆ ಮನೆಗೆ ಹೋಗುವ ನನ್ನ ಲೋಕಲ್ ರೈಲು ತಪ್ಪುತ್ತಿತ್ತು. ಉಳಿದೆಲ್ಲದಕ್ಕೂ ಬಳಸುವ ಫಾರ್ಮಲಿನ್ನಿಗೆ ಹಾಕಿ ಹೊರಟುಬಿಟ್ಟೆ. ಚೂರು ಮುದುಡಿ, ಕೋಶಗಳು ಒಂದರಿಂದೊಂದು ಬಿಟ್ಟುಕೊಂಡು, ಯಾವುದು ಯಾವುದೆಂದೇ ಗೊತ್ತಾಗಲಿಲ್ಲ. 'ಸ್ಪಷ್ಟವಿಲ್ಲ, ಇನ್ನೊಮ್ಮೆ ತೆಗೆಯಬೇಕು' ಎಂದು ಡಾಕ್ಟರ್ ಬರೆದರು. ಆ ರಿಪೋರ್ಟನ್ನು ಯಮನಪ್ಪನ ಕೈಗೆ ಕೊಟ್ಟವನು ನಾನೇ.

"ನನ್ನ ಮೈಯಾಗ ಏನೂ ಸರಿ ಇಲ್ಲ ಅನ್ರಿ," ಎಂದ. "ಮತ್ತ ಕೊಯ್ಸಿಕೊಂಡು ಏನ್ ಮಾಡೂದೈತಿ?"

ತಪ್ಪು ನಿನ್ನ ಮೈದಲ್ಲಪ್ಪಾ, ನನ್ನದು ಎನ್ನಲು ಅರ್ಧ ನಿಮಿಷ ಸಾಕಿತ್ತು. ಕೆಲಸ ಹೋದೀತೆಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಸ್ತೂರಿ ತವರಿಗೆ ಹೋದಳು. ಅದನ್ನು ತಿಳಿಸಲು ಬಂದ ಯಮನಪ್ಪ, ಅಷ್ಟು ಬಿಡಿಸಿ ಹೇಳಿದ್ರಿ ಸರ, ಎಂದು ನನಗೆ ಕೈಮುಗಿದು ಹೋದ.

ಇವತ್ತು, ಹನ್ನೊಂದು ವರ್ಷದ ಮೇಲೆ, ಮಾರ್ಕೆಟ್ಟಿನ ಮೂಲೆಯಲ್ಲಿ ನಿಂತೇ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಲಾದಿ ಕೊಯ್ಯುವ ಮಷಿನ್ನಿನ ಸದ್ದು ನಿಂತಿತು.

"ಕಸ್ತೂರಿಗೆ ಈಗ ಎರಡು ಮಕ್ಕಳದಾವ್ರಿ," ಎಂದ. "ಹೋಗೂ ದಿನ ಬಾಗಲದಾಗ ಕುಂತು ಅತ್ತಿದ್ಲು, 'ಇನ್ನೊಮ್ಮಿ ತೋರಸೂಣು ಬರ್ರಿ' ಅಂತ. ನಾನಽ ಒಪ್ಪಲಿಲ್ಲ. ಇಷ್ಟು ದಿನ ನನ್ನ ಹಣೇಬರಾ ಅಂತ ಸುಮ್ನಿದ್ದೆ ಸರ. ಇನ್ನ ಮ್ಯಾಲ ಏನಂತ ಸುಮ್ನಿರ್ಲಿ?"

ಹೇಳಿಕೊಂಡರೆ ನನ್ನ ಎದೆ ಹಗುರಾದೀತೆಂದು ಫೋನ್ ಮಾಡಿದ್ದೆ. ಅವನಿಗೆ ಉಳಿದಿದ್ದ ಅಷ್ಟು ಸಮಾಧಾನವನ್ನೂ ಕಿತ್ತುಕೊಂಡೆ.