ರಾಗಿ ಪೈರಿನ ಮುಖ

ನನ್ನ ಹೆಂಡತಿ ಸಂಧ್ಯಾ ಗುಬ್ಬಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದಾಳೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊ, ಹೊಟ್ಟೆಪಾಡಿಗೆ ಅಷ್ಟು ಸಾಕು. ಆದರೆ ಸಾಕು ಅನ್ನುವುದು ಅವಳ ಜಾಯಮಾನದಲ್ಲೇ ಇಲ್ಲ. ಊರಿನ ನಮ್ಮ ಹಳೇ ಕೊಟ್ಟಿಗೆಯಲ್ಲಿ ಅವಳು ಫೋಟೊ ಬೆಳೆಯುತ್ತಾಳೆ. ಹೌದು, ಬೆಳೆಯುತ್ತಾಳೆ. ಒದ್ದೆ ಗೋಣಿತಾಟಿಗೆ ಮೊಳಕೆ ರಾಗಿ ಮೆತ್ತಿ, ಹಲಗೆಗೆ ಬಿಗಿದು, ಕತ್ತಲಲ್ಲಿ ನಿಲ್ಲಿಸಿ, ಪ್ರೊಜೆಕ್ಟರಿನಿಂದ ಒಂದು ಮುಖದ ನೆಗೆಟಿವ್ ಬಿಡುತ್ತಾಳೆ. ಬೆಳಕು ಬಿದ್ದಲ್ಲಿ ಪೈರು ಹಸಿರಾಗುತ್ತದೆ, ಬೀಳದಲ್ಲಿ ಹಳದಿಯಾಗಿ ಉಳಿಯುತ್ತದೆ. ಹಸಿರಲ್ಲಿ ಮೀಸೆ, ಹಳದಿಯಲ್ಲಿ ಕೆನ್ನೆ. ಹತ್ತಿರದಿಂದ ಬರೀ ಪೈರು, ದೂರ ನಿಂತರೆ ಮನುಷ್ಯ.

ಕರೆಂಟು ಕೈಕೊಟ್ಟು, ಬೂಷ್ಟು ಹಿಡಿದು ಎಷ್ಟೋ ಮುಖಗಳು ಹಾಳಾದವು. ನಮ್ಮವ್ವ ಚಿಕ್ಕಗಂಗಮ್ಮನಿಗೆ ತೆಂಗಿನಕಾಯಿ ತುಂಬಲು ಆ ಕೊಟ್ಟಿಗೆ ಬೇಕು. "ತಿನ್ನೋ ರಾಗೀನ ಗೋಣಿಗೆ ಮೆತ್ತೋದು ಅದ್ಯಾವ ಸೀಮೆ ವಿದ್ಯೆ?" ಎಂದು ದಿನಾ ಗೊಣಗುತ್ತಿದ್ದಳು. ಕೊನೆಗೆ ಸಂಧ್ಯಾನೇ ಮಾತು ಕೊಟ್ಟಳು: ತುಮಕೂರಿನ ಕಲಾ ಪ್ರದರ್ಶನಕ್ಕೆ ಈ ಸಲವೂ ಒಂದು ಮುಖ ಹೋಗದಿದ್ದರೆ ಕೊಟ್ಟಿಗೆ ಖಾಲಿ.

ಈ ಸಲದ ಮುಖ ತೀರಿಹೋದ ನಮ್ಮಪ್ಪ ಪುಟ್ಟರಂಗಯ್ಯನದು. ಅಪ್ಪನದು ಅಂತ ಇದ್ದದ್ದು ವೋಟರ್ ಕಾರ್ಡಿನ ಮಸುಕು ಫೋಟೊ ಒಂದೇ. ಕೆಟ್ಟುಹೋದರೆ ಅವ್ವ ನೊಂದುಕೊಂಡಾಳು ಎಂದು ಅವಳಿಗೆ ಹೇಳಿರಲಿಲ್ಲ. ಬಾಗಿಲು ತೆಗೆಯಬೇಡಿ ಎಂದಷ್ಟೇ ಹೇಳಿದ್ದೆವು.

ಪ್ರದರ್ಶನಕ್ಕೆ ಆಯ್ಕೆ ಮಾಡುವ ಪಲ್ಲವಿ ಮೇಡಂ ಬರುವ ದಿನ ನಾವಿಬ್ಬರೂ ಸ್ಟುಡಿಯೋದಲ್ಲಿದ್ದಾಗ ಅವ್ವನ ಫೋನು ಬಂತು.

"ಸಂಧ್ಯಾ, ಪೈರೆಲ್ಲ ಬಿಸ್ಲು ಕಾಣ್ದೆ ಬಿಳಿಚ್ಕೊಂಡವೆ ಕಣವ್ವಾ, ಪಾಪ. ಅಂಗಳಕ್ಕೆ ತಂದು ಬಿಸ್ಲಿಗೆ ಇಕ್ಕಿವ್ನಿ."

"ಒಳಗಿಡಿ ಅತ್ತೆ, ಈಗ್ಲೇ!" ಸಂಧ್ಯಾ ಕಿರುಚಿದಳು. ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತುವವರಿಲ್ಲ.

ಬೈಕ್ ಹತ್ತಿದೆವು. ಹಾಳಾದ್ದು ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ತೆವಳಿಕೊಂಡು ಹೋಯಿತು. ಆಕಾಶದಲ್ಲಿ ಹೆಸರಿಗೊಂದು ಮೋಡವಿಲ್ಲ. ಹಿಂದೆ ಕೂತ ಸಂಧ್ಯಾ ನನ್ನ ಭುಜವನ್ನು ಉಗುರು ನಾಟುವಷ್ಟು ಹಿಡಿದಿದ್ದಳು.

ಅಂಗಳದಲ್ಲಿ ಅವ್ವ ಪೈರಿಗೆ ನೀರು ಚಿಮುಕಿಸುತ್ತ ಹಿಗ್ಗಿನಿಂದ ನಿಂತಿದ್ದಳು. "ನೋಡವ್ವಾ, ಬಣ್ಣ ತಿರುಗ್ತಾ ಅವೆ."

ಸಂಧ್ಯಾ ಹಲಗೆಯನ್ನು ಜಗಲಿಯ ನೆರಳಿಗೆ ಎಳೆದಳು. ನನಗೆ ಮೈಯೆಲ್ಲ ಉರಿಯಿತು. ಅವ್ವನ ರಟ್ಟೆ ಹಿಡಿದು ಅಂಗಳದ ಆ ತುದಿಯ ಗೇಟಿನವರೆಗೂ ಕರೆದೊಯ್ದೆ.

"ಈಗ ನೋಡು, ಯಾರನ್ನ ಬಿಸ್ಲಿಗೆ ಇಕ್ಕಿದೀಯ ಅಂತ."

ಸೂರಿನ ನೆರಳು ಬಿದ್ದಿದ್ದ ಒಂದು ಪಕ್ಕ ಮಾತ್ರ ಉಳಿದಿತ್ತು. ಒಂದು ಕಣ್ಣು, ಅರ್ಧ ಮೀಸೆ. ಅವ್ವ ದಿಟ್ಟಿಸಿದಳು. "ಅಯ್ಯೋ, ನಿಮ್ಮಪ್ಪ ಕಣ್ಲಾ!" ಎಂದು ಓಡಿಹೋಗಿ ಸೆರಗು ಹರಡಿದಳು. ಸೆರಗು ಸಾಲದೆ ಕಂಬಳಿ ತಂದು ಹೊದಿಸಿದಳು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಪಲ್ಲವಿ ಮೇಡಂ ಬಂದಾಗ ಹಲಗೆಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿ, ಬಾಗಿಲು ಒಂದಿಷ್ಟೇ ಓರೆ ಮಾಡಿದೆವು. ಅವರು ತುಂಬ ಹೊತ್ತು ನೋಡಿದರು.

"ಅರ್ಧ ಮುಖ ಬೇಕಂತಲೇ ಮಾಡಿದ್ದಾ?"

ಹೌದು ಅಂದುಬಿಡೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ ಮೇಡಂ. ನಮ್ಮತ್ತೆ ಪೈರು ಉಳಿಸೋಕೆ ಹೋದ್ರು."

"ಇರಲಿ. ಇದೇ ಬೇಕು ನಮಗೆ. ನಾಳೆ ವ್ಯಾನ್ ಕಳಿಸ್ತೀನಿ."

ಅವ್ವ ಮೂಲೆಯಿಂದ ಕೇಳಿದಳು: "ಅಲ್ಲಿ ಲೈಟು ಹಾಕ್ತಾರಾ?"

"ಹಾಕಲೇಬೇಕಲ್ಲಮ್ಮಾ, ಜನ ನೋಡೋದು ಬೇಡ್ವಾ?"

ಅವ್ವ ಕಂಬಳಿಯನ್ನು ಎದೆಗೆ ಅವುಚಿಕೊಂಡಳು. ಸಂಧ್ಯಾ ಅವಳ ಮುಖ ನೋಡಿದಳು, ಆಮೇಲೆ ಆ ಒಂದು ಕಣ್ಣಿನ ಕಡೆ ನೋಡಿದಳು.

"ಇದನ್ನ ಕೊಡಲ್ಲ ಮೇಡಂ," ಎಂದಳು.

ಕಾರು ಹೋದ ಮೇಲೆ ಅವಳು ಪ್ರೊಜೆಕ್ಟರಿನ ವೈರು ಬಿಚ್ಚತೊಡಗಿದಳು.

"ಅದ್ಯಾಕವ್ವಾ ಬಿಚ್ತೀಯಾ?"

"ಕಾಯಿ ತುಂಬ್ಬೇಕಲ್ಲ ಅತ್ತೆ. ಮಾತು ಕೊಟ್ಟಿದೀನಿ."

ಅವ್ವ ಹಲಗೆಯ ಮುಂದೆ ಕುಕ್ಕರಿಸಿ ಕೂತಳು. "ಕಾಯಿ ಮಳೇಲಿ ನೆನೀಲಿ ಬುಡು. ಮೊದ್ಲು ಬಾಗ್ಲು ಹಾಕು, ಬೆಳಕು ಬತ್ತದೆ."